ಏಳನೆಯ ನೆರಳು

ಇತಿಹಾಸವನ್ನು ಹಿಂದಕ್ಕೆ ಎಳೆದು ತಂದು ಬೇರೊಂದು ದಾರಿಯಲ್ಲಿ ನಡೆಸಿ ನೋಡುವ ಯಂತ್ರ ಕೊನೆಗೂ ಸಿದ್ಧವಾದಾಗ, ಅದು ಯುದ್ಧಗಳನ್ನೋ ರಾಜವಂಶಗಳನ್ನೋ ಪರೀಕ್ಷೆಗೆ ಒಡ್ಡುತ್ತದೆಂದು ಜನ ಅಂದುಕೊಂಡಿದ್ದರು. ಡೋಣಿತೀರ ವಿಶ್ವವಿದ್ಯಾಲಯ ಅದನ್ನು ತರಿಸಿಕೊಂಡದ್ದು ಕಾಲೇಜು ಹುಡುಗಿಯರ ಕಬಡ್ಡಿಗೆ ವಲಯ ಹಂಚಲಿಕ್ಕೆ.

ಇದನ್ನು ಕೇಳಿ ನಗುವವರು ಆ ಸೀಮೆಯವರಲ್ಲ. ಯಾವ ಕಾಲೇಜು ಯಾವ ವಲಯಕ್ಕೆ ಎಂಬ ಪ್ರಶ್ನೆಗೆ ಅಲ್ಲಿ ಎರಡು ಸಲ ಕುಲಪತಿಗಳ ಕಾರಿನ ಗಾಜು ಒಡೆದಿತ್ತು. ವಲಯವೆಂದರೆ ಯಾರೆದುರು ಆಡಬೇಕು, ಎಷ್ಟು ದೂರ ಹೋಗಬೇಕು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದೋ ಇಲ್ಲವೋ ಎಂಬುದು. ದೀಪ ಹಚ್ಚುವ ಹೊತ್ತಿಗೆ ಮರಳದ ಆಟಕ್ಕೆ ಅರ್ಧ ಮನೆಗಳು ಹುಡುಗಿಯರನ್ನು ಕಳಿಸುವುದಿಲ್ಲ. ನಕ್ಷೆಯ ಮೇಲೆ ಯಾರೋ ಎಳೆದ ಗೆರೆಯೊಂದು ಹತ್ತು ಊರುಗಳಲ್ಲಿ ಹತ್ತು ಮದುವೆಗಳನ್ನು ಮುಂಚಿತವಾಗಿ ಮಾಡಿಸಿಬಿಡುತ್ತದೆ.

ಯಂತ್ರದ ಹೆಸರು ಮರುನಡೆ. ಮೂವತ್ತು ವರ್ಷದ ಸ್ಕೋರ್ ಶೀಟು, ತಂಡಗಳ ಪಟ್ಟಿ, ಯಾರೋ ಹಿಡಿದಿಟ್ಟ ಮಸುಕು ವಿಡಿಯೊ, ಪರೀಕ್ಷೆಯ ಫಲಿತಾಂಶ, ಬಸ್ಸಿನ ವೇಳಾಪಟ್ಟಿ, ಮಳೆಯ ದಾಖಲೆ ಎಲ್ಲವನ್ನೂ ಅದಕ್ಕೆ ಉಣಿಸಿದ್ದರು. ಪ್ರತಿ ಆಟಗಾರ್ತಿಗೂ ಅದು ಒಂದು ನೆರಳನ್ನು ಕಟ್ಟುತ್ತಿತ್ತು: ಆಕೆ ಹೇಗೆ ಓಡುತ್ತಿದ್ದಳು, ಯಾವಾಗ ದಣಿಯುತ್ತಿದ್ದಳು, ಎಷ್ಟು ದೂರಕ್ಕೆ ಮನೆಯವರು ಬೇಡವೆನ್ನುತ್ತಿದ್ದರು, ಯಾವ ಸೋಲಿನ ನಂತರ ಕಾಲೇಜು ಬಿಡುತ್ತಿದ್ದಳು. ಆಮೇಲೆ ನಕ್ಷೆಯ ಒಂದೇ ಗೆರೆಯನ್ನು ಅಳಿಸಿ ಬೇರೆ ಕಡೆ ಎಳೆದು, ಎಲ್ಲ ನೆರಳುಗಳನ್ನೂ ಮೂವತ್ತು ವರ್ಷ ಹಿಂದಕ್ಕೆ ಒಯ್ದು ನಿಲ್ಲಿಸಿ, ಈಗ ಆಡಿ ಎನ್ನುತ್ತಿತ್ತು. ನಲವತ್ತು ನಿಮಿಷಕ್ಕೆ ಮೂವತ್ತು ವರ್ಷ ಮುಗಿದುಹೋಗುತ್ತಿತ್ತು. ಗೆರೆ ಬದಲಿಸದೆ ಓಡಿಸಿದರೆ ನಡೆದದ್ದನ್ನೇ ನೂರಕ್ಕೆ ತೊಂಬತ್ತೇಳು ಪಾಲು ಹಾಗ್ಹಾಗೇ ನಡೆಸಿ ತೋರಿಸುತ್ತಿತ್ತು. ಅದಕ್ಕೇ, ನಡೆಯದೆ ಹೋದದ್ದರ ಬಗ್ಗೆ ಅದು ಹೇಳಿದ್ದನ್ನೂ ಜನ ನಂಬುತ್ತಿದ್ದರು.

ಆಷಾಢದ ಒಂದು ಬೆಳಿಗ್ಗೆ ಸುಮಿತ್ರಾ ಹೊಸಮನಿ ಆ ಯಂತ್ರದ ಕೋಣೆಯಲ್ಲಿ ಕೂತಿದ್ದಳು. ಕರಿಗುಡ್ಡದ ನೀಲಾಂಬಿಕಾ ಮಹಿಳಾ ಕಾಲೇಜಿನಲ್ಲಿ ಹದಿನಾರು ವರ್ಷದಿಂದ ಅವಳು ದೈಹಿಕ ಶಿಕ್ಷಣ ನಿರ್ದೇಶಕಿ. ಇಪ್ಪತ್ತೆರಡು ವರ್ಷದ ಹಿಂದೆ ವಿಶ್ವವಿದ್ಯಾಲಯದ ಅತ್ಯುತ್ತಮ ರೈಡರ್ ಎಂಬ ಪ್ರಮಾಣಪತ್ರ ಪಡೆದವಳು. ಆ ಪತ್ರದ ಬಲದಿಂದಲೇ ಕ್ರೀಡಾ ಕೋಟಾದಲ್ಲಿ ಈ ಕೆಲಸ ಸಿಕ್ಕದ್ದು. ಹಳೆಯ ಆಟಗಾರ್ತಿಯರನ್ನೆಲ್ಲ ಒಬ್ಬೊಬ್ಬರಾಗಿ ಕರೆಸಿ ಅವರವರ ನೆರಳನ್ನು ಅವರಿಗೇ ತೋರಿಸಿ ಸಹಿ ಹಾಕಿಸಿಕೊಳ್ಳುವ ಕೆಲಸ ನಡೆದಿತ್ತು.

ಯಂತ್ರ ನೋಡಿಕೊಳ್ಳುವ ತನ್ಮಯ್ ತುಮಕೂರಿನ ಕಡೆಯವನು, ಮೂವತ್ತು ದಾಟಿರಲಿಲ್ಲ. "ಎಲ್ರೂ ನೋಡಿ ನಗ್ತಾರೆ ಮೇಡಂ," ಎಂದ. "ಅಯ್ಯೋ, ನಾನು ಹಿಂಗೆ ಓಡ್ತಿದ್ನಾ ಅಂತ. ನಿಮ್ಮದು ಮಾತ್ರ ನೋಡೋಕೆ ಚೆಂದ. ನಮ್ಮ ಹುಡುಗರೆಲ್ಲ ಇದನ್ನ ಹತ್ತು ಸಲ ಹಾಕ್ಕೊಂಡು ನೋಡಿದಾರೆ."

ಪರದೆಯ ಮೇಲೆ ಬೂದು ಬಣ್ಣದ ಅಂಕಣ ಮೂಡಿತು. ಮುಖವಿಲ್ಲದ ಏಳು ಆಕೃತಿಗಳು. ಅದರಲ್ಲೊಂದು ಮಧ್ಯದ ಗೆರೆಯ ತನಕ ನಿಧಾನವಾಗಿ ನಡೆದು ಬಂತು. ಬಗ್ಗಿ ಎಡಗೈಯ ಹಿಂಬದಿಯಿಂದ ಗೆರೆಯನ್ನು ಮುಟ್ಟಿತು. ಅದೇ ಕೈಯನ್ನು ಗಂಟಲಿಗೆ ಒತ್ತಿಕೊಂಡಿತು. ಒಂದು ಗಳಿಗೆ ತಡೆದು, ಆಮೇಲೆ ಎಡಗಾಲು ಮುಂದಿಟ್ಟು ಎದುರಾಳಿಗಳ ನಡುವೆ ನುಗ್ಗಿತು. ಅದರ ತಲೆಯ ಮೇಲೆ ಸಣ್ಣ ಅಕ್ಷರಗಳು ತೇಲುತ್ತಿದ್ದವು: ಸುಮಿತ್ರಾ ಹೊಸಮನಿ, ಕರಿಗುಡ್ಡ.

ಸುಮಿತ್ರಾ ಜನ್ಮದಲ್ಲೇ ಹಾಗೆ ಗೆರೆ ಮುಟ್ಟಿದವಳಲ್ಲ. ಹಾಗೆ ಮುಟ್ಟುತ್ತಿದ್ದವಳು ಯಲ್ಲವ್ವ.

"ನೀರು ಬೇಕಾ ಮೇಡಂ?"

"ಬ್ಯಾಡ್ರಿ. ಮುಂದ ಹೇಳ್ರಿ."

ತನ್ಮಯ್ ಫಲಿತಾಂಶ ತೆರೆದ. ಹನ್ನೊಂದು ನಕ್ಷೆಗಳನ್ನು ಓಡಿಸಿ ನೋಡಿದ್ದರು. ಮೊದಲ ಸ್ಥಾನಕ್ಕೆ ಬಂದಿದ್ದದ್ದು ಏಳನೆಯ ನಕ್ಷೆ. ಅದಕ್ಕೆ ಬಲಿಷ್ಠ ವಲಯ ಎಂದು ಹೆಸರಿಟ್ಟಿದ್ದರು. ಊರುಗಳ ದೂರ ನೋಡದೆ ಗೆಲ್ಲುವ ಆರು ತಂಡಗಳನ್ನು ಒಂದೇ ವಲಯಕ್ಕೆ ಹಾಕುವುದು; ಮೊಬೈಲಿನಲ್ಲಿ ಆಟ ತೋರಿಸುವ ಚಾನೆಲ್ಲೊಂದು ಅಂಥ ಪಂದ್ಯಗಳನ್ನಷ್ಟೇ ಕೇಳುತ್ತಿತ್ತು. ಕರಿಗುಡ್ಡದ ಹುಡುಗಿಯರು ಹೋದ ವರ್ಷ ಗೆದ್ದಿದ್ದರು. ಹಾಗಾಗಿ ಅವರೂ ಅದರಲ್ಲಿದ್ದರು. ದೂರದ ಪಂದ್ಯ ಸಂಗಮಕೋಟೆಯಲ್ಲಿ, ನೂರ ಎಪ್ಪತ್ತು ಕಿಲೋಮೀಟರು, ಮೂರುಗಲ್ಲು ಘಟ್ಟದ ಮೇಲಿಂದ.

"ಆ ರಸ್ತಾ ನೋಡೀರೇನ್ರಿ ನೀವು?"

"ನಾನು ನೋಡಿಲ್ಲ. ಮರುನಡೆ ನೋಡಿದೆ." ಅವನು ಒಂದು ಸಾಲನ್ನು ದೊಡ್ಡದು ಮಾಡಿದ. "ಇಪ್ಪತ್ತೆರಡು ವರ್ಷದ ಹಿಂದೆ ಎರಡು ವರ್ಷ ಇಂಥದ್ದೇ ವಲಯ ಇತ್ತಲ್ಲ, ನೀವೇ ಆಡಿದ್ರಿ. ಆಗ ಆ ರಸ್ತೇಲಿ ಒಂದು ಜೀಪು ಮಗುಚಿದೆ. ಆಟಗಾರರ ಸಾವು ಸೊನ್ನೆ. ನೋಡಿ, ನಿಮಗೂ ಎಡಗೈ ಮುರಿದಿತ್ತು ಅಂತ ಇದೆ. ಸಾವು ಸೊನ್ನೆ ಇದ್ದಲ್ಲಿ ಯಂತ್ರ ರಸ್ತೇನ ರಸ್ತೆ ಅಂತ ನೋಡಲ್ಲ ಮೇಡಂ, ಬರೀ ಹೊತ್ತು ಅಂತ ನೋಡುತ್ತೆ. ನಾಲ್ಕು ಗಂಟೆ ಪ್ರಯಾಣ, ಅಷ್ಟೇ."

"ಒಂದು ಇದ್ದಿದ್ರ?"

"ಒಂದಾ?" ಅವನು ಯೋಚಿಸಿದ. "ಒಂದಿದ್ರೆ ಪೂರ್ತಿ ಬೇರೆ ಕತೆ. ಸೊನ್ನೇನ ಯಾವುದರಿಂದ ಗುಣಿಸಿದರೂ ಸೊನ್ನೆ. ಒಂದು ಬೆಳೆಯುತ್ತೆ."

ಸಹಿ ಹಾಕಬೇಕಾದ ಕಾಗದ ಮುಂದಿತ್ತು: ಮೇಲಿನ ನೆರಳು ನನ್ನದೇ ಎಂದು ದೃಢೀಕರಿಸುತ್ತೇನೆ. ಸುಮಿತ್ರಾ ಕನ್ನಡಕ ಮರೆತು ಬಂದಿರುವುದಾಗಿ ಹೇಳಿ ಎದ್ದಳು. ಕನ್ನಡಕ ಅವಳ ಹಣೆಯ ಮೇಲೆಯೇ ಇತ್ತು. ತನ್ಮಯ್ ಅದನ್ನು ನೋಡಿ ಕಾಗದವನ್ನು ಪಕ್ಕಕ್ಕೆ ಸರಿಸಿದ.

* * *

ಆ ಸೀಮೆಯ ಕಬಡ್ಡಿಯಲ್ಲಿ ಹೆಸರ ಮೇಲೆ ಆಡುವುದು ಎಂಬ ರೂಢಿಯೊಂದಿತ್ತು. ಕಾಲೇಜಿನ ಪಟ್ಟಿಯಲ್ಲಿ ಹೆಸರಿದ್ದು ಆಟ ಬಾರದವಳ ಗುರುತಿನ ಚೀಟಿಯನ್ನು ಆಟ ಬಂದು ಹೆಸರಿಲ್ಲದವಳ ಕೈಗೆ ಕೊಡುವುದು. ಅದನ್ನು ಯಾರೂ ಕಳ್ಳತನವೆಂದು ಕರೆಯುತ್ತಿರಲಿಲ್ಲ. ನೆರೆಮನೆಯಿಂದ ಹೆಪ್ಪಿಗೆ ಮಜ್ಜಿಗೆ ತಂದಷ್ಟು ಸಹಜವಾಗಿತ್ತು. ಆ ಕಾಲದ ಚೀಟಿಯ ಫೋಟೊಗಳಲ್ಲಿ ಎಲ್ಲ ಹುಡುಗಿಯರೂ ಒಂದೇ: ಎರಡು ಜಡೆ, ಎಣ್ಣೆ ಹಚ್ಚಿದ ತಲೆ, ಹೆದರಿದ ಕಣ್ಣು. ಅಂಪೈರು ಫೋಟೊ ನೋಡುತ್ತಿದ್ದ, ಮುಖ ನೋಡುತ್ತಿರಲಿಲ್ಲ.

ಯಲ್ಲವ್ವ ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಮೂರು ಸಲ ಡುಮ್ಕಿ ಹೊಡೆದಿದ್ದಳು. ಡಿಗ್ರಿಗೆ ಪ್ರವೇಶವಿಲ್ಲ. ಸುಮಿತ್ರಾ ಡಿಗ್ರಿ ಎರಡನೆಯ ವರ್ಷ, ತಂಡದ ಹೆಚ್ಚುವರಿ ಆಟಗಾರ್ತಿ. ಗೆರೆ ದಾಟಿದರೆ ಅವಳ ಉಸಿರು ಕಟ್ಟುತ್ತಿತ್ತು. ಆಗಿನ ಕೋಚು ಕಟ್ಟಿಮನಿ ಸರ್ ಇಬ್ಬರನ್ನೂ ಮೈದಾನದ ಬೇವಿನ ಗಿಡದ ಕೆಳಗೆ ಕರೆದು, "ನಿನ್ನ ಹೆಸರು, ಇಕಿ ಕಾಲು. ಕೂಡಿಸಿದ್ರ ಒಬ್ಬಾಕಿ ಚಲೋ ರೈಡರ್ ಆಗ್ತಾಳ," ಎಂದಿದ್ದರು. ಮೂವರೂ ನಕ್ಕಿದ್ದರು. ಒಂದು ಹೆಸರಿನಲ್ಲಿ ಇಬ್ಬರು ಹೋಗುವಂತಿಲ್ಲವಲ್ಲ. ಹಾಗಾಗಿ ಪಂದ್ಯದ ದಿನ ಸುಮಿತ್ರಾ ಯಾರ ಕಣ್ಣಿಗೂ ಬೀಳದೆ ಮನೆಯಲ್ಲಿ ಕೂರಬೇಕಾಗುತ್ತಿತ್ತು. ಜೋಳ ಹಸನು ಮಾಡುತ್ತ ಅವಳು ಎಲ್ಲೋ ದೂರದ ಊರಿನಲ್ಲಿ ಗೆಲ್ಲುತ್ತಿದ್ದಳು.

ಸಂಗಮಕೋಟೆಯ ಪಂದ್ಯವನ್ನೂ ಅವಳು ಗೆದ್ದಳು, ಮೂವತ್ತನಾಲ್ಕು ಇಪ್ಪತ್ತೊಂಬತ್ತು. ವಾಪಸು ಬರುವಾಗ ಮೂರುಗಲ್ಲಿನ ತಿರುವಿನಲ್ಲಿ ಜೀಪು ಮಗುಚಿತು. ಯಲ್ಲವ್ವ ಅಲ್ಲೇ ತೀರಿಕೊಂಡಳು.

ಮರುದಿನ ಕಟ್ಟಿಮನಿ ಸರ್ ಸುಮಿತ್ರಾಳ ಮನೆಗೆ ಬಂದರು. ಅವರ ತಲೆಗೂ ಪೆಟ್ಟಾಗಿತ್ತು. ಕೈಯಲ್ಲಿ ಹತ್ತಿ, ಬಟ್ಟೆಯ ಪಟ್ಟಿ. ಸ್ಕೋರ್ ಶೀಟಿನಲ್ಲಿ ಇರುವವಳು ಜೀಪಿನಲ್ಲೂ ಇರಲೇಬೇಕಿತ್ತು. ಅವಳ ಮುರಿಯದ ಎಡಗೈಗೆ ಅವರೇ ಪಟ್ಟಿ ಸುತ್ತಿದರು. "ತಂಡ ಉಳೀಬೇಕವಾ," ಎಂದಷ್ಟೇ ಹೇಳಿದರು. ವಿಶ್ವವಿದ್ಯಾಲಯಕ್ಕೆ ಹೋದ ವರದಿ ಎರಡು ಸಾಲಿನದು. ಆಟಗಾರರಿಗೆ ಸಣ್ಣಪುಟ್ಟ ಗಾಯ. ದಾರಿಯಲ್ಲಿ ಹತ್ತಿಸಿಕೊಂಡ ಸ್ಥಳೀಯ ಯುವತಿಯೊಬ್ಬಳ ಸಾವು. ಪೊಲೀಸರೂ ಅದನ್ನೇ ಬರೆದುಕೊಂಡರು.

ಮೂರು ವಾರ ಸುಮಿತ್ರಾ ಆ ಪಟ್ಟಿ ಕಟ್ಟಿಕೊಂಡು ಕ್ಲಾಸಿಗೆ ಹೋದಳು. ಗೆಳತಿಯರು ಅವಳ ಪುಸ್ತಕ ಹೊತ್ತರು. ಯಾರೋ ಕಿತ್ತಳೆ ಹಣ್ಣು ತಂದು ಕೊಟ್ಟರು. ಮುರಿಯದ ಎಲುಬು ಹೇಗೆ ನೋಯುತ್ತದೆಂದು ಅವಳಿಗೆ ಆಗ ಗೊತ್ತಾಯಿತು.

* * *

"ಏನಂತೈತಿ ನಿಮ್ಮ ಯಂತ್ರ?" ಎಂದು ಕೇಳಿದ ಅವಳ ಗಂಡ ಸಂಗಪ್ಪ. ಅವನು ಬಸ್ ನಿಲ್ದಾಣದಲ್ಲಿ ಕಂಟ್ರೋಲರು. ದಿನವಿಡೀ ಮೈಕಿನಲ್ಲಿ ಕೂಗಿ ಕೂಗಿ ಮನೆಯಲ್ಲೂ ಅದೇ ದನಿ. ಮಧ್ಯಾಹ್ನ ಊಟಕ್ಕೆ ಕೂತಿದ್ದರು.

ಸುಮಿತ್ರಾ ಎಲ್ಲವನ್ನೂ ಹೇಳಿದಳು. ಮದುವೆಯಾದ ಹೊಸದರಲ್ಲಿ ಒಂದು ಸಲ ಹೇಳಿದ್ದಳು. ಆಮೇಲೆ ಇಬ್ಬರೂ ಆ ಮಾತನ್ನು ಅಟ್ಟದ ಮೇಲಿನ ಪಾತ್ರೆಯ ಹಾಗೆ ಮುಟ್ಟದೆ ಬಿಟ್ಟಿದ್ದರು.

"ಮೂರುಗಲ್ಲಿನ ತಿರುವಿನಾಗ ನಮ್ಮ ಡ್ರೈವರ್ ಮಂದಿ ಇವತ್ತಿಗೂ ಗಾಡಿ ನಿಂದರಿಸಿ ಕಾಯಿ ಒಡೀತಾರ," ಎಂದ ಸಂಗಪ್ಪ. "ಕಾಯಿ ಒಡಿಯೂದು ಯಂತ್ರಕ್ಕ ಗೊತ್ತೈತೇನು?"

"ಅದಕ್ಕ ಬರದದ್ದಷ್ಟ ಗೊತ್ತು."

"ಹಂಗಾರ ನೀ ಬರಸಾಕ ಹೊಂಟಿ." ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಗಮನಿಸಿ, ಗಮನಿಸಿ. ಕರಿಗುಡ್ಡದಿಂದ ಹೊರಡುವ ಹೊಸಮನಿಯವರ ನೌಕರಿ ಪ್ಲಾಟ್‌ಫಾರ್ಮ್ ಬಿಟ್ಟು ಹೊರಟಿದೆ."

"ಚ್ಯಾಷ್ಟಿ ಮಾಡಬ್ಯಾಡ್ರಿ."

"ಚ್ಯಾಷ್ಟಿ ಅಲ್ಲ. ಅಂಜಿಕಿ." ರೊಟ್ಟಿಯನ್ನು ತಟ್ಟೆಗಿಟ್ಟು ಕೇಳಿದ: "ಈಗಿನ ಹುಡುಗ್ಯಾರು ಎಷ್ಟು ಮಂದಿ?"

"ಹತ್ತು."

ಅವನು ಬೆರಳು ಮಡಚಿ ಎಣಿಸುವವನಂತೆ ಕೈ ನೋಡಿಕೊಂಡ. ಕೈ ತೊಳೆಯಲು ಎದ್ದಾಗ, "ದ್ಯಾಮವ್ವಗ ಮೊದಲ ಹೇಳು. ಯಂತ್ರಕ್ಕ ಆಮ್ಯಾಲೆ," ಎಂದ.

ದ್ಯಾಮವ್ವ ಯಲ್ಲವ್ವನ ತಾಯಿ. ಮಾರ್ಕೆಟ್ಟಿನ ಹಿಂದೆ ಅವಳ ರೊಟ್ಟಿ ಕೇಂದ್ರ. ಆರು ಹೆಂಗಸರು ಸಾಲಾಗಿ ಕೂತು ಬಡಿಯುತ್ತಿದ್ದರೆ ಬೀದಿಯ ತನಕ ತಾಳ ಕೇಳುತ್ತಿತ್ತು. ಸುಮಿತ್ರಾ ಪ್ರತಿ ಶನಿವಾರ ಅಲ್ಲಿಂದಲೇ ರೊಟ್ಟಿ ಒಯ್ಯುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಇಬ್ಬರ ನಡುವೆ ರೊಟ್ಟಿಯ ಹೊರತು ಬೇರೆ ಮಾತು ಬಂದಿರಲಿಲ್ಲ.

"ಇವತ್ತ ಶನಿವಾರ ಅಲ್ಲಲ್ಲ," ಎಂದಳು ದ್ಯಾಮವ್ವ ತಲೆಯೆತ್ತದೆ.

"ಖರೆ ಹೇಳಿಬಿಡ್ತೀನಿ ಯವ್ವಾ. ಯಲ್ಲಿ ನನ್ನ ಹೆಸರ ಮ್ಯಾಲೆ ಆಡಿದ್ಲು ಅಂತ. ಯುನಿವರ್ಸಿಟಿಯವರ ಮುಂದ."

ಮುದುಕಿಯ ಕೈ ಹಿಟ್ಟಿನ ಮೇಲೆ ನಿಂತಿತು. ಉಳಿದ ಐವರು ಬಡಿಯುತ್ತಲೇ ಇದ್ದರು.

"ನಾ ನಿನ್ನ ಕೈ ನೋಡಿಕೋತ ಬಂದೇನಿ," ಎಂದಳು. "ಪಟ್ಟಿ ಬಿಚ್ಚಿ ಇಷ್ಟು ವರ್ಷ ಆತು. ಎಡಗೈಲೆ ನೀ ಇವತ್ತಿಗೂ ರೊಟ್ಟಿ ಗಂಟು ಎತ್ತಿಲ್ಲ."

ಸುಮಿತ್ರಾಗೆ ಅದು ಗೊತ್ತಿರಲಿಲ್ಲ. ತನ್ನ ಬಲಗೈಯಲ್ಲಿದ್ದ ಚೀಲವನ್ನು ನೋಡಿಕೊಂಡಳು.

"ಮಾಫಿ ಕೇಳಾಕ ಬಂದಿದ್ರ ನನ್ನ ಕಡೆ ಇಲ್ಲ. ಹೇಳಾಕ ಹೊಂಟಿದ್ರ ಒಂದು ಮಾತು ಹೇಳು. ನನ್ನ ಮಗಳು ದಾರ್ಯಾಗ ಹತ್ತಿದಾಕಿ ಅಲ್ಲ. ಅಕಿ ಇಲ್ಲಿಂದ ಹತ್ತಿದ್ಲು. ನಾನೇ ಬುತ್ತಿ ಕಟ್ಟಿ ಕೊಟ್ಟಿದ್ದೆ. ಹತ್ತು ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ಅದನ್ನ ಬರಸು." ದ್ಯಾಮವ್ವ ಮತ್ತೆ ಬಡಿಯತೊಡಗಿದಳು. ತಾಳ ಮೊದಲಿನದಕ್ಕೆ ಕೂಡಲು ಸ್ವಲ್ಪ ಹೊತ್ತು ಹಿಡಿಯಿತು.

* * *

ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರು ಡಾ. ಶಿವಯೋಗಿ ಹಂಚಿನಾಳ. ಸುಮಿತ್ರಾ ಮುಂಚೆಯೇ ಅರ್ಜಿಯಾಗಿ ಬರೆದು ಕೊಟ್ಟಿದ್ದ ನಾಲ್ಕು ಪುಟಗಳನ್ನು ಅವರು ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ, ಓದುವಾಗ ಅವರ ಮುಖ ಒಂದು ಸಲ ಕಿವುಚಿತು. ವಲಯ ಸಮಿತಿಯ ಉಳಿದ ಮೂವರು ಗೋಡೆಯ ಮೇಲಿನ ಟ್ರೋಫಿಗಳನ್ನು ನೋಡುತ್ತಿದ್ದರು. ತನ್ಮಯ್ ಬಾಗಿಲ ಬಳಿ ನಿಂತಿದ್ದ.

"ಇದಕ್ಕ ಮತ್ಯಾರು ಸಾಕ್ಷಿ?"

"ಕಟ್ಟಿಮನಿ ಸರ್ ತೀರಿಕೊಂಡಾರ. ತಂಡದಾಗಿದ್ದವರು ಆರು ಮಂದಿ ಅದಾರ್ರಿ. ಎಲ್ಲಾರಿಗೂ ಫೋನ್ ಮಾಡಿದ್ದೆ."

"ಬರ್ತಾರೇನು?"

ಸುಮಿತ್ರಾ ಇಲ್ಲವೆಂದು ತಲೆಯಾಡಿಸಿದಳು. ಒಬ್ಬಳು ಪೊಲೀಸ್ ಇಲಾಖೆಯಲ್ಲಿದ್ದಳು, ಇಬ್ಬರು ಶಾಲೆಗಳಲ್ಲಿ. ಎಲ್ಲರ ಕೆಲಸವೂ ಅದೇ ವರ್ಷದ ಪ್ರಮಾಣಪತ್ರದ ಮೇಲೆ ನಿಂತಿತ್ತು. ತಂಡ ಗೆದ್ದದ್ದೇ ಸುಳ್ಳಾದರೆ ಎಲ್ಲರೂ ಬೀಳುತ್ತಿದ್ದರು. ಒಬ್ಬಳು ಫೋನಿನಲ್ಲಿ ಅತ್ತಿದ್ದಳು; ಇನ್ನೊಬ್ಬಳು, "ಸತ್ತಾಕಿ ಸತ್ತಳು ಸುಮಿ, ಇದ್ದವರನ್ನ ಯಾಕ ಕೊಲ್ತಿ?" ಎಂದಿದ್ದಳು.

ಹಂಚಿನಾಳರು ಕನ್ನಡಕ ತೆಗೆದರು. "ನೋಡ್ರಿ ಮೇಡಮ್. ಇಪ್ಪತ್ತೆರಡು ವರ್ಷ ಸುಳ್ಳು ಹೇಳಿದವರು ಇವತ್ತ ಖರೆ ಹೇಳಾಕತ್ತೇನಿ ಅಂದ್ರ, ಅದನ್ನ ನಂಬಿ ನಾ ಯುನಿವರ್ಸಿಟಿ ದಾಖಲೆ ಹ್ಯಾಂಗ ತಿದ್ದಲಿ? ನಾಳೆ ಇನ್ನೊಬ್ಬರು ಬಂದು ಇನ್ನೊಂದು ಹೆಸರು ಹೇಳ್ತಾರ."

"ಹಂಗಾದ್ರ ನಾ ಹೇಳಿದ್ದು ಸುಳ್ಳು ಅಂತೀರೇನು?"

"ನಾ ಹಂಗನ್ನಲಿಲ್ಲ."

"ಸುಳ್ಳು ಅಂದ್ರ ನನ್ನ ನೌಕರಿ ಉಳೀಬೇಕಲ್ರಿ."

ಗೋಡೆ ನೋಡುತ್ತಿದ್ದವರಲ್ಲಿ ಒಬ್ಬರು ಕೆಮ್ಮಿದರು. ಹಂಚಿನಾಳರು ಕನ್ನಡಕದ ಗಾಜನ್ನು ಬಹಳ ಹೊತ್ತು ಒರೆಸಿದರು. "ತಪ್ಪೊಪ್ಪಿಗಿ ಬ್ಯಾರೆ, ಸಾಕ್ಷಿ ಬ್ಯಾರೆ," ಎಂದರು ಕೊನೆಗೆ. "ತಪ್ಪೊಪ್ಪಿಗಿ ನಂಬಲಿಕ್ಕ ಕಾನೂನಿನಾಗ ಅಡ್ಡಿ ಇಲ್ಲ."

ಹೊರಗೆ ಪಡಸಾಲೆಯಲ್ಲಿ ತನ್ಮಯ್ ಅವಳ ಹಿಂದೆಯೇ ಬಂದ. "ಮೇಡಂ, ಒಂದು ನಿಮಿಷ. ನೀವು ಅರ್ಜಿ ಕೊಟ್ಟ ದಿನವೇ ನಾನು ಓಡಿಸಿ ನೋಡಿದೆ. ಹೇಳ್ಬಾರದು. ಆದ್ರೆ ನೋಡಿ."

ಯಂತ್ರದ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಸುಮಿತ್ರಾಳ ಹೆಸರಿನ ನೆರಳನ್ನು ಯಲ್ಲವ್ವನ ಹೆಸರಿಗೆ ಕೊಟ್ಟಿದ್ದ. ಒಂದು ಸಾವು ಸೇರಿಸಿದ್ದ. ಬೇರೇನೂ ಮುಟ್ಟಿರಲಿಲ್ಲ. ಏಳನೆಯ ನಕ್ಷೆ ಮೊದಲ ಸ್ಥಾನದಿಂದ ಹತ್ತನೆಯದಕ್ಕೆ ಕುಸಿದಿತ್ತು. ಅದರ ಕೆಳಗೆ ಆಟವನ್ನೇ ನಿಲ್ಲಿಸುವ ನಕ್ಷೆಯೊಂದೇ ಉಳಿದಿತ್ತು.

"ಅಕಿ ಏನಾಗ್ತಾಳ?" ಎಂದು ಕೇಳಿದಳು ಸುಮಿತ್ರಾ. "ಆ ವರ್ಷ ವಲಯ ಬದಲಿಸದ ಇದ್ದಿದ್ರ?"

ತನ್ಮಯ್ ಪರದೆಯನ್ನು ಅವಳ ಕಡೆ ತಿರುಗಿಸಿದ. ಉಳಿದ ಹತ್ತು ಇತಿಹಾಸಗಳಲ್ಲಿ ಎಂಟರಲ್ಲಿ ಯಲ್ಲವ್ವ ನಲವತ್ತು ದಾಟಿದ್ದಳು. ಒಂದರಲ್ಲಿ ಹೆರಿಗೆಯಲ್ಲಿ ಹೋಗಿದ್ದಳು, ಇನ್ನೊಂದರಲ್ಲಿ ಕಾರಣ ಗೊತ್ತಾಗದ ಜ್ವರದಲ್ಲಿ. ಬದುಕಿದ ಎಂಟರಲ್ಲೂ ದೊಡ್ಡ ಪವಾಡವೇನಿರಲಿಲ್ಲ. ಮೂರರಲ್ಲಿ ಮಂಡಿ ಕೆಟ್ಟು ಆಟ ಬಿಟ್ಟಿದ್ದಳು. ಐದನೆಯ ಸಲಕ್ಕೆ ಇಂಗ್ಲಿಷು ಪಾಸಾಗಿ, ಒಂದರಲ್ಲಿ ಮಾತ್ರ, ಯಾವುದೋ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿದ್ದಳು.

"ಯಾವ ಕಾಲೇಜು?"

"ಮೇಡಂ, ಬೇಡ."

ಅವಳೇ ಬಗ್ಗಿ ಓದಿದಳು. ಕರಿಗುಡ್ಡ.

"ಮತ್ತ ನಾನು? ನಾ ಎಲ್ಲಿ?"

ಅವನು ಹೆಸರು ಹಾಕಿ ಹುಡುಕಿದ. ಹನ್ನೊಂದು ಸಾಲು ಮೂಡಿದವು, ಹನ್ನೊಂದರಲ್ಲೂ ಒಂದೇ ಮಾತು: ದಾಖಲೆ ಇಲ್ಲ. "ನೀವು ಒಂದು ಪಂದ್ಯನೂ ಆಡಿಲ್ವಲ್ಲ," ಎಂದ ತನ್ಮಯ್, ಕ್ಷಮೆ ಕೇಳುವ ದನಿಯಲ್ಲಿ. "ನೆರಳು ಕಟ್ಟೋಕೆ ಅದಕ್ಕೆ ಏನೂ ಸಿಕ್ಕಿಲ್ಲ."

ಆಮೇಲೆ, ಕೀಲಿಮಣೆಯನ್ನೇ ನೋಡುತ್ತ ಹೇಳಿದ: "ಇಂಥವು ಇನ್ನೂ ನಾನೂರ ಹನ್ನೆರಡು ಇವೆ. ಒಂದೇ ಹೆಸರು, ಎರಡು ತರದ ಓಟ. ವಿಡಿಯೊ ಸರಿಯಿಲ್ಲ ಅಂದ್ಕೊಂಡು ನಾನು ಎರಡನ್ನೂ ಕಲಸಿ ಒಂದೇ ನೆರಳು ಮಾಡಿಬಿಟ್ಟಿದ್ದೆ. ತೊಂಬತ್ತೇಳು ಬಂತಲ್ಲ ಅಂತ ಖುಷಿಯಾಗಿದ್ದೆ."

* * *

ಸಮಿತಿಯ ತೀರ್ಮಾನ ಹತ್ತು ದಿನಕ್ಕೆ ಬಂತು. ಸುಮಿತ್ರಾ ಹೊಸಮನಿಯ ಹೆಸರನ್ನು ಆ ವರ್ಷದ ಎಲ್ಲ ಪಂದ್ಯಗಳಿಂದ ತೆಗೆದುಹಾಕುವುದು. ಆ ಜಾಗಕ್ಕೆ ಬೇರೆ ಹೆಸರನ್ನು ಸೇರಿಸಲು ಸಾಕಷ್ಟು ಆಧಾರವಿಲ್ಲ. ಆಕೆಯನ್ನು ಕೆಲಸದಿಂದ ಬಿಡುಗಡೆ ಮಾಡುವುದು. ತಿದ್ದಿದ ದಾಖಲೆಯೊಂದಿಗೆ ಮರುನಡೆಯನ್ನು ಇನ್ನೊಮ್ಮೆ ಓಡಿಸುವುದು.

ಓಡಿಸಿದರು. ತನ್ಮಯ್ ಅದರ ಒಂದು ತುಣುಕನ್ನು ಅವಳ ಮೊಬೈಲಿಗೆ ಕಳಿಸಿದ; ಜೊತೆಗೆ ಏನೂ ಬರೆದಿರಲಿಲ್ಲ. ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಸುಮಿತ್ರಾ, ಸಂಗಪ್ಪ ಇಬ್ಬರೂ ಅದನ್ನು ನೋಡಿದರು. ಸಂಗಮಕೋಟೆಯ ಅಂಕಣ. ಆ ಕಡೆ ಏಳು ನೆರಳು, ಈ ಕಡೆ ಆರು. ಎದುರಾಳಿ ಬಂದಾಗ ಆರೂ ಕೈ ಹಿಡಿದು ಸರಪಳಿ ಕಟ್ಟಿದವು. ಎಡಗಡೆಯ ಕೊನೆಯ ನೆರಳು ತನ್ನ ಖಾಲಿ ಕೈಯನ್ನು ಹಾಗೇ ಗಾಳಿಗೆ ಚಾಚಿಕೊಂಡು ನಿಂತಿತ್ತು. ರೈಡಿನ ಸರದಿ ಬಂದಾಗ ಯಾರೂ ಗೆರೆಯ ಬಳಿಗೆ ಬರಲಿಲ್ಲ. ಮೂವತ್ತು ಸೆಕೆಂಡು ಅಂಕಣ ಸುಮ್ಮನಿತ್ತು. ಮೂಲೆಯಲ್ಲಿ ಅಂಕ ಮಾತ್ರ ಏರಿತು. ಕೊನೆಗೆ ಮೂವತ್ತನಾಲ್ಕು ಇಪ್ಪತ್ತೊಂಬತ್ತು.

"ಯಾರು ಹೊಡದ್ರು ಆ ಪಾಯಿಂಟು?" ಎಂದ ಸಂಗಪ್ಪ.

ಯಂತ್ರದ ನಿಖರತೆ ತೊಂಬತ್ತೇಳರಿಂದ ತೊಂಬತ್ತಾರೂ ಮುಕ್ಕಾಲಿಗೆ ಇಳಿಯಿತು. ಅಷ್ಟು ಇಳಿಕೆ ಒಪ್ಪಬಹುದಾದದ್ದೆಂದು ಸಮಿತಿ ಬರೆಯಿತು. ಆಟಗಾರರ ಸಾವು ಸೊನ್ನೆ. ಏಳನೆಯ ನಕ್ಷೆ ಜಾರಿಗೆ ಬಂತು.

ಬಲಿಷ್ಠ ವಲಯದ ಮೊದಲ ಪಂದ್ಯ ಸಂಗಮಕೋಟೆಯಲ್ಲೇ ಬಿತ್ತು. ಬೆಳಗಿನ ಆರೂವರೆಗೆ ಕಾಲೇಜಿನ ಗೇಟಿನ ಎದುರು ಜೀಪು ನಿಂತಿತ್ತು. ಸುಮಿತ್ರಾಳ ಜಾಗಕ್ಕೆ ಹಂಗಾಮಿಯಾಗಿ ಬಂದಿದ್ದವರು ವಾಣಿಜ್ಯ ವಿಭಾಗದ ಬೆಳ್ಳುಬ್ಬಿ ಸರ್. ಕಬಡ್ಡಿಗೆ ಎಷ್ಟು ಮಂದಿ ಎಂದು ಅವರು ನಿನ್ನೆಯಷ್ಟೇ ಕೇಳಿ ತಿಳಿದುಕೊಂಡಿದ್ದರು. ಹಾಜರಿ ಹಲಗೆ ಹಿಡಿದು ಗುರುತಿನ ಚೀಟಿ ನೋಡುತ್ತಿದ್ದರು, ಮುಖಗಳನ್ನಲ್ಲ.

ಸುಮಿತ್ರಾ ಮಾರ್ಕೆಟ್ಟಿನ ಕಡೆಯಿಂದ ನಡೆದು ಬಂದಳು. ಕೈಯಲ್ಲೊಂದು ದೊಡ್ಡ ಬುತ್ತಿ ಗಂಟು. ದ್ಯಾಮವ್ವ ಅದನ್ನು ಅವಳ ಮುಂದೆ ನೂಕಿದ್ದಳು. ಸುಮಿತ್ರಾ ಎಡಗೈಯಲ್ಲಿ ಎತ್ತಿಕೊಳ್ಳುವವರೆಗೆ ಗಂಟಿನಿಂದ ಕೈ ತೆಗೆದಿರಲಿಲ್ಲ.

ಹುಡುಗಿಯರು ಅವಳನ್ನು ನೋಡಿ ಗದ್ದಲ ಮಾಡಿದರು. "ಮೇಡಮ್ಮಾರ ಬಂದ್ರು! ಸರ್ ನಮಗ ಸೂರ್ಯನಮಸ್ಕಾರ ಮಾಡಸಾಕತ್ತಿದ್ರರಿ!"

"ಚಲೋ ಆತು. ಸಾಲಾಗಿ ನಿಂದರ್ರಿ. ಹೆಸರು ಹೇಳ್ರಿ."

ಹತ್ತು ಮಂದಿ. ಒಬ್ಬೊಬ್ಬರಾಗಿ ಹೇಳಿದರು. ಎಂಟನೆಯವಳು ಎತ್ತರದ ಹುಡುಗಿ, ಹಿಮ್ಮಡಿಯ ಮೇಲೆ ನಿಲ್ಲದೆ ಕುಣಿಯುತ್ತಿದ್ದಳು. ಸುಮಿತ್ರಾ ಅವಳನ್ನು ಹಿಂದೆ ನೋಡಿರಲಿಲ್ಲ.

"ಭಾಗ್ಯಶ್ರೀ ನಾಗಠಾಣ್ರಿ," ಎಂದಳು ಹುಡುಗಿ ಚೀಟಿ ಮುಂದೆ ಮಾಡಿ.

ಭಾಗ್ಯಶ್ರೀ ಯಾರೆಂದು ಸುಮಿತ್ರಾಗೆ ಗೊತ್ತಿತ್ತು. ಗಿಡ್ಡ ಹುಡುಗಿ, ಕನ್ನಡಕದವಳು. ಈ ಹೊತ್ತಿಗೆ ಎಲ್ಲೋ ಮನೆಯೊಳಗೆ ಯಾರ ಕಣ್ಣಿಗೂ ಬೀಳದೆ ಕೂತಿರುತ್ತಾಳೆ. ಬೆಳ್ಳುಬ್ಬಿ ಸರ್ ಹಲಗೆಯ ಮೇಲೆ ಏನೋ ಹುಡುಕತೊಡಗಿದರು.

"ಚೀಟಿ ಹೆಸರು ಬ್ಯಾಡ ತಂಗಿ. ನಿಮ್ಮವ್ವ ಕರಿಯೂ ಹೆಸರು."

ಹುಡುಗಿ ಉಳಿದವರ ಕಡೆ ನೋಡಿದಳು. ಯಾರೂ ನೆರವಿಗೆ ಬರಲಿಲ್ಲ. ಕುಣಿಯುತ್ತಿದ್ದ ಹಿಮ್ಮಡಿ ನೆಲಕ್ಕೆ ಬಂತು.

"ಮಾಯವ್ವ," ಎಂದಳು ಸಣ್ಣಗೆ. "ಮಾಯವ್ವ ಜೀರಗಾಳ. ಮೇಡಮ್ಮರ, ನನ್ನ ಕೆಳಗ ಇಳಸಬ್ಯಾಡ್ರಿ. ನಾ ಚಲೋ ಆಡ್ತೀನ್ರಿ."

"ಗೊತ್ತೈತಿ," ಎಂದಳು ಸುಮಿತ್ರಾ. ಅವಳನ್ನು ಇಳಿಸುವ ಅಧಿಕಾರ ತನಗಿಲ್ಲವೆಂಬುದೂ ಗೊತ್ತಿತ್ತು. ಬೆಳ್ಳುಬ್ಬಿ ಸರ್ ಅವರ ಜೇಬಿನಿಂದ ಪೆನ್ನು ತೆಗೆದುಕೊಂಡು, ಎಡಗೈಯ ಸೆರಗು ಸರಿಸಿ, ಮಣಿಕಟ್ಟಿನಿಂದ ಮೊಳಕೈಯ ತನಕ, ಪಟ್ಟಿ ಸುತ್ತಿದ್ದ ಜಾಗದಲ್ಲಿ ಹತ್ತೂ ಹೆಸರು ಬರೆದುಕೊಂಡಳು. ಮಾಯವ್ವನದನ್ನು ಎರಡು ಸಲ ತಿದ್ದಿ ದಪ್ಪ ಮಾಡಿದಳು. ಹುಡುಗಿಯರು ಜೀಪು ಹತ್ತಿದ ಮೇಲೆ ಗಂಟನ್ನು ಒಳಗಿಟ್ಟು ತಾನೂ ಹತ್ತಿ, ಬಾಗಿಲ ಬದಿಯಲ್ಲಿ, ಮಾಯವ್ವನ ಹೊರಮಗ್ಗುಲಿಗೆ ಕೂತಳು.

"ಮೇಡಮ್, ನೀವು ಈಗ ಸ್ಟಾಫ್ ಅಲ್ಲರಿ," ಎಂದರು ಬೆಳ್ಳುಬ್ಬಿ ಸರ್ ಸಂಕೋಚದಿಂದ. "ಆಟಗಾರರೂ ಅಲ್ಲ. ಹಾಳಿ ಮ್ಯಾಲೆ ನಿಮ್ಮನ್ನ ಏನಂತ ಬರೀಲಿ?"

ಚಾಲಕ ಜೀಪು ಚಾಲೂ ಮಾಡಿದ್ದ. ಅದರ ಸದ್ದಿನ ಮೇಲೆ ಕೇಳುವಂತೆ ಸುಮಿತ್ರಾ ಹೇಳಿದಳು:

"ದಾರ್ಯಾಗ ಹತ್ತಿಸಿಕೊಂಡ ಸ್ಥಳೀಯ ಮಹಿಳೆ ಅಂತ ಬರೀರಿ."